ಮೂವರಿಗೂ ಸಕ್ಕರೆ ಇದ್ದ ಮನೆ

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಚಹಾ ಕುಡಿಯುವವರೆಗೆ ಚೆನ್ನಾಗಿಯೇ ಇರುತ್ತಿದ್ದರು. ಆಮೇಲೆ ನಮ್ಮಪ್ಪ ಗಂಟಲು ಸರಿಮಾಡಿಕೊಂಡು ವಿಷಯ ಹೇಳುತ್ತಿದ್ದರು. ಹುಡುಗಿಗೆ ಹನ್ನೊಂದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಬದುಕಿರುವವರೆಗೂ. ಮುಚ್ಚಿಟ್ಟು ಮಗಳ ಮದುವೆ ಮಾಡುವ ಮನುಷ್ಯ ನಮ್ಮಪ್ಪ ಅಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ರಾಯಚೂರಿನ ಬಿಸಿಲಿಗೆ ಇಳಿದುಬಿಡುತ್ತಿದ್ದರು. ಅಮ್ಮ ಕಪ್ಪು ಬಸಿ ತೊಳೆಯುವ ಸದ್ದಿನಲ್ಲೇ ಅವಳ ಮನಸ್ಸು ನನಗೆ ಗೊತ್ತಾಗುತ್ತಿತ್ತು.

ಹೈದರಾಬಾದಿನಿಂದ ಬಂದವರು ಮಾತ್ರ ಎದ್ದು ಹೋಗಲಿಲ್ಲ. ಹುಡುಗನದು ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ. ತಂದೆ ತೀರಿಕೊಂಡ ಮೇಲೆ ಅವರೇ ನೋಡಿಕೊಳ್ಳುತ್ತಿದ್ದರು. ಜೊತೆಗೆ ಬಂದದ್ದು ಅವರ ತಾಯಿ ಒಬ್ಬರೇ. ಬೀದರ್ ಕಡೆಯ ಹೆಣ್ಣುಮಗಳು, ಎತ್ತರದ ಆಳು, ಕಡಿಮೆ ಮಾತು. ಅಪ್ಪ ಹೇಳುವುದನ್ನೆಲ್ಲ ಕೇಳಿ ಅವರು ಸೀದಾ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತರು.

“ಸೂಜಿ ನೀನ ಹಾಕ್ಕೊಂತಿ ಏನವ್ವಾ?”

ಹೌದೆಂದೆ.

“ನನಗ ಒಮ್ಮೆ ತೋರಸ್ತೀ?”

ಹೇಗೂ ಊಟದ ಹೊತ್ತಾಗಿತ್ತು. ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡೆ, ಎಷ್ಟು ಬೇಕೋ ಅಷ್ಟು ಔಷಧಿ ಎಳೆದು ಹೊಟ್ಟೆಗೆ ಚುಚ್ಚಿಕೊಂಡೆ. ಅವರು ಕಣ್ಣು ಮಿಟುಕಿಸದೆ ನೋಡಿದರು. ತಮಗೂ ಸಕ್ಕರೆ ಇದೆ, ಗುಳಿಗೆ ನುಂಗುವುದಕ್ಕೇ ದಿನಾ ಗೊಣಗುತ್ತೇನೆ ಎಂದರು. ಹೆಸರು ಒಂದೇ ಆದರೂ ಅವರದು ಬೇರೆ, ನನ್ನದು ಬೇರೆ. ಅವರ ಮೈಯಲ್ಲಿ ಇನ್ಸುಲಿನ್ ಇತ್ತು, ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ನನ್ನ ಮೈಯಲ್ಲಿ ಅದು ಹುಟ್ಟುವುದೇ ನಿಂತುಹೋಗಿತ್ತು. ಅಷ್ಟೆಲ್ಲ ಅವರಿಗೆ ವಿವರಿಸುವ ಧೈರ್ಯ ಆ ದಿನ ನನಗಿರಲಿಲ್ಲ. ಅವರು ಹೊರಗೆ ಹೋಗಿ ಮಗನಿಗೆ, ಹುಡುಗಿ ಗಟ್ಟಿ ಇದ್ದಾಳೆ, ನನಗೆ ಒಪ್ಪಿಗೆ, ಇನ್ನು ನಿನ್ನದು ನೀನು ಹೇಳು ಎಂದರಂತೆ. ಮಗ ನನ್ನನ್ನು ಕೇಳಿದ್ದು ಒಂದೇ ಮಾತು. ಹೈದರಾಬಾದಿಗೆ ಬಂದ ಮೇಲೂ ಇಲ್ಲಿಯ ಹಾಗೆ ನೌಕರಿ ಮಾಡುವಿರಾ ಎಂದು. ಮಾಡುತ್ತೇನೆ ಎಂದೆ. ಹಾಗಾದರೆ ನಾಚಾರಂ ಕಡೆ ಕಾರ್ಖಾನೆಗಳಿವೆ, ವಿಚಾರಿಸುತ್ತೇನೆ ಎಂದರು.

ಹಾಗೆ ನಾನು ಕೂಕಟ್‌ಪಲ್ಲಿಯ ಮೂರನೇ ಮಹಡಿಯ ಒಂದು ಫ್ಲ್ಯಾಟಿಗೆ ಸೊಸೆಯಾಗಿ ಬಂದೆ. ನಾಚಾರಂನ ಮಸಾಲೆ ಪುಡಿ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಬಂದ ಮೆಣಸಿನಕಾಯಿಯ ಬಣ್ಣ, ತೇವ, ಖಾರ ಪರೀಕ್ಷೆ ಮಾಡುವ ಕೆಲಸ. ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸಿ, ಹಬ್ಸಿಗುಡದಲ್ಲಿ ಇಳಿದು, ಶೇರ್ ಆಟೋ ಹಿಡಿದು ಹೋಗಬೇಕು. ಸಂಜೆ ಮನೆಗೆ ಬಂದರೆ ಸೀರೆಯಿಂದ ಬ್ಯಾಡಗಿಯ ಘಾಟು ಏಳುತ್ತಿತ್ತು. ಅತ್ತೆ ಸೀನುತ್ತಲೇ ಬಾಗಿಲು ತೆಗೆಯುತ್ತಿದ್ದರು.

ಅತ್ತೆ ನನ್ನ ಕಾಯಿಲೆಯನ್ನು ಮನೆಗೆ ಬಂದ ಇನ್ನೊಬ್ಬ ಸೊಸೆಯ ಹಾಗೆ ಪರಿಚಯ ಮಾಡಿಕೊಂಡರು. ಫ್ರಿಜ್ಜಿನ ಬಾಗಿಲಲ್ಲಿ ಮೇಲಿನ ಖಾನೆ ಇನ್ಸುಲಿನ್ನಿಗೆ ಮೀಸಲಾಯಿತು. ಅಲ್ಲಿ ಯಾರಾದರೂ ನಿಂಬೆಹಣ್ಣು ಇಟ್ಟರೆ ಬೈಸಿಕೊಳ್ಳಬೇಕಾಗುತ್ತಿತ್ತು. ಸಕ್ಕರೆ ಇದ್ದಕ್ಕಿದ್ದಂತೆ ಇಳಿದಾಗ ನನ್ನ ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ. ಅದನ್ನು ನನ್ನ ಗಂಡ ಕಂಡುಹಿಡಿಯುವ ಮೊದಲೇ ಅತ್ತೆ ಕಂಡುಹಿಡಿದರು. ಸೊಸೆ ಎದುರು ಮಾತಾಡಿದಳೆಂದು ಮುಖ ಊದಿಸಿಕೊಳ್ಳುವ ಬದಲು ಬೆಲ್ಲದ ನೀರು ಕಲಸಿ ತರುವ ಅತ್ತೆಯರು ಎಷ್ಟು ಜನ ಸಿಕ್ಕಾರು, ನನಗೆ ಗೊತ್ತಿಲ್ಲ. ನಾನು ಜಗಳದ ಮಾತು ಆಡುತ್ತಿರುವಾಗಲೇ ಅವರು ಲೋಟ ಬಾಯಿಗೆ ಹಿಡಿಯುತ್ತಿದ್ದರು. ಕುಡಿದು ಸ್ವಲ್ಪ ಹೊತ್ತಾದ ಮೇಲೆ, ಈಗ ಹೇಳು ಏನು ಅನ್ನುತ್ತಿದ್ದೆ ಎಂದು ಕೇಳುತ್ತಿದ್ದರು. ಏನೂ ನೆನಪಿರುತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದೆವು.

ಮಕ್ಕಳ ವಿಷಯದಲ್ಲಿ ನನ್ನ ಸಕ್ಕರೆ ಡಾಕ್ಟರು ಮದುವೆಯಾದ ಹೊಸತರಲ್ಲೇ ಎಚ್ಚರಿಸಿದ್ದರು. ನನ್ನಂಥವರಿಗೆ ಮಕ್ಕಳಾಗುತ್ತವೆ, ಆದರೆ ಆಕಸ್ಮಿಕವಾಗಿ ಆಗಬಾರದು, ತಯಾರಿ ಮಾಡಿಕೊಂಡು ಆಗಬೇಕು ಎಂದರು. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ತಾಯಿಗೆ ತಾನು ಬಸುರಿ ಎಂದು ಗೊತ್ತಾಗುವ ಹೊತ್ತಿಗೇ. ಆಗ ರಕ್ತದಲ್ಲಿ ಸಕ್ಕರೆ ಜಾಸ್ತಿಯಿದ್ದರೆ ಮಗುವಿಗೆ ಊನವಾಗಬಹುದು, ಗರ್ಭ ಇಳಿದುಹೋಗಬಹುದು. ಸಕ್ಕರೆ ಬಹಳ ದಿನ ಹದ ತಪ್ಪಿದರೆ ಮುಟ್ಟೂ ಹದ ತಪ್ಪುತ್ತದೆ. ಹರೆಯದಲ್ಲಿ ನನಗೆ ಹಾಗೆ ಆಗಿತ್ತು. ಗೆಳತಿಯರೆಲ್ಲ ದೊಡ್ಡವರಾಗಿ ಎಷ್ಟೋ ದಿನಗಳ ಮೇಲೆ ನಾನು ಮೈನೆರೆದಿದ್ದೆ. ಆಮೇಲೂ ಮುಟ್ಟು ತನಗೆ ತಿಳಿದಾಗ ಬರುತ್ತಿತ್ತು.

ಹಾಗಾಗಿ ನಾನು ತಯಾರಿ ಮಾಡಿಕೊಂಡೆ. ಅನ್ನ ಅಳೆದು ತಿಂದೆ, ಸೂಜಿಯ ಸಂಖ್ಯೆ ಹೆಚ್ಚಿಸಿಕೊಂಡೆ, ಕಣ್ಣು ಕಿಡ್ನಿ ತೋರಿಸಿಕೊಂಡೆ, ಫೋಲಿಕ್ ಆಸಿಡ್ ಗುಳಿಗೆ ಶುರುಮಾಡಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಇದೆಯಲ್ಲ, ಅದು ಡಾಕ್ಟರು ಹೇಳಿದ ಮಟ್ಟಕ್ಕೆ ಇಳಿಯಿತು. ಅವರು ಇನ್ನು ನಿಶ್ಚಿಂತೆಯಿಂದ ಪ್ರಯತ್ನಿಸಿ ಎಂದ ದಿನ ನಾನು ಮೆಟ್ರೋದಲ್ಲಿ ನಿಂತುಕೊಂಡೇ ನಗುತ್ತಾ ಬಂದೆ.

ಏನೂ ಆಗಲಿಲ್ಲ. ಒಂದು ವರ್ಷ ಹೋಯಿತು, ಇನ್ನೊಂದೂ ಹೋಗತೊಡಗಿತು. ನನ್ನ ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ರಾತ್ರಿಯೇ ಬರುವುದು. ಅಂಗಡಿಯಲ್ಲಿ ಕೂತಲ್ಲೇ ಕೆಲಸ. ಗಿರಾಕಿ ಬಂದಾಗಲೆಲ್ಲ ಒಂದು ಇರಾನಿ ಚಹಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಮೈ ಬಂದಿತ್ತು. ರಾತ್ರಿ ಮನೆಗೆ ಬಂದವರೇ ಜಡ್ಡಾಗಿ ಉರುಳಿಕೊಳ್ಳುತ್ತಿದ್ದರು. ಕೆಲವೊಮ್ಮೆ ಹತ್ತಿರ ಬಂದವರು ಸುಮ್ಮನೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ದಣಿವು ಅನ್ನುತ್ತಿದ್ದರು. ನಾನೂ ದಣಿವೆಂದೇ ತಿಳಿದೆ. ಮನೆಯಲ್ಲಿ ಕಾಯಿಲೆಯವಳು ನಾನು ತಾನೇ.

ಇಡೀ ಬಳಗದ ಲೆಕ್ಕವೂ ಅದೇ ಆಗಿತ್ತು. ಬಾಯಿ ಬಿಟ್ಟು ಹೇಳುತ್ತಿದ್ದವರು ಮಾತ್ರ ನನ್ನ ಗಂಡನ ಸೋದರತ್ತೆ. ಮಾವನವರ ಅಕ್ಕ. ಬೇಗಂ ಬಜಾರಿನ ಹಳೆಯ ಮನೆಯಲ್ಲಿ ಅವರ ಸಂಸಾರ. ಕೆಟ್ಟವರೇನಲ್ಲ. ನಾನು ಹೋದರೆ ನನಗೆಂದೇ ಜೋಳದ ರೊಟ್ಟಿ ಬಡಿಸುತ್ತಿದ್ದರು. ಆದರೆ ಬಡಿಸುತ್ತಲೇ, ರಕ್ತವೇ ಸಕ್ಕರೆಪಾಕ ಆದಮೇಲೆ ಅಲ್ಲಿ ಏನು ತಾನೇ ನಿಂತೀತು ಅನ್ನುತ್ತಿದ್ದರು. ಒಮ್ಮೆ ಯಾರೋ ವೈದ್ಯನಿಂದ ಒಂದು ಪುಡಿ ತಂದುಕೊಟ್ಟರು. ಅದನ್ನು ತಗೊಂಡರೆ ಸಕ್ಕರೆ ಬೇರುಸಹಿತ ಹೋಗುತ್ತದೆ, ಮಡಿಲೂ ತುಂಬುತ್ತದೆ, ಆದರೆ ಅಷ್ಟು ದಿನ ಸೂಜಿ ಬಿಡಬೇಕು ಎಂದರು. ಸೂಜಿ ಬಿಟ್ಟರೆ ನಾನು ಕೆಲವೇ ದಿನಗಳಲ್ಲಿ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿರುತ್ತೇನೆ, ಅಥವಾ ಅಲ್ಲಿಗೆ ಹೋಗುವವರೆಗೂ ಉಳಿದಿರುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ಪೊಟ್ಟಣವನ್ನು ಬಿಸಾಡಲು ಕೈ ಬರಲಿಲ್ಲ, ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟೆ. ಮಕ್ಕಳಿಲ್ಲದ ದುಃಖ ತಿಳಿವಳಿಕೆಯನ್ನೂ ಮೆತ್ತಗೆ ಮಾಡಿಬಿಡುತ್ತದೆ. ಅತ್ತೆ ಅದನ್ನು ಕಂಡವರೇ ಸಿಂಕಿಗೆ ಸುರಿದು ನಲ್ಲಿ ಬಿಟ್ಟರು. ಮರುದಿನ, ದೊಡ್ಡ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಎಂದರು.

ಬಂಜೆತನದ ಚಿಕಿತ್ಸೆ ಮಾಡುವ ಆ ಡಾಕ್ಟರು ಒಬ್ಬ ತೆಲುಗು ಹೆಣ್ಣುಮಗಳು, ನಿಧಾನಸ್ಥೆ. ನನ್ನನ್ನು ಪೂರ್ತಿ ಪರೀಕ್ಷೆ ಮಾಡಿಸಿದರು. ಅಂಡಾಣು ಸಮಯಕ್ಕೆ ಸರಿಯಾಗಿ ಬಿಡುಗಡೆಯಾಗುತ್ತಿದೆ, ಗರ್ಭನಾಳಗಳು ತೆರೆದಿವೆ, ಗರ್ಭಕೋಶ ಚೆನ್ನಾಗಿದೆ ಎಂದರು. ನನ್ನ ಸಕ್ಕರೆಯ ಅಂಕಿ ನೋಡಿ, ಇಷ್ಟು ಶಿಸ್ತು ಹೇಗೆ ಬಂತಮ್ಮಾ ಎಂದು ಕೇಳಿದರು. ನಂತರ ನನ್ನ ಗಂಡನ ಪರೀಕ್ಷೆಯ ಫಲಿತಾಂಶ ಎಲ್ಲಿ ಎಂದರು. ಅವರಿಗೇನೂ ಕಾಯಿಲೆಯಿಲ್ಲ ಎಂದೆ. ಅದು ನನ್ನ ಪ್ರಶ್ನೆಯಲ್ಲ, ಪರೀಕ್ಷೆ ಆಗಿದೆಯೇ ಎಂದು ಕೇಳಿದೆ ಎಂದರು. ಮಗುವಾಗದ ದಂಪತಿಗಳಲ್ಲಿ ಕಾರಣ ಗಂಡಸಿನಲ್ಲಿರುವುದೇನು ಅಪರೂಪವಲ್ಲ, ಹೆಂಗಸಿನ ಜೊತೆಯಲ್ಲೇ ಅವನನ್ನೂ ನೋಡಬೇಕು, ಕಳಿಸಿ ಎಂದರು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಬೇಗಂ ಬಜಾರಿನಲ್ಲಿ ಬಾಳಿದವರಿಗೆ ಹಿಂದಿಯೂ ಬರುತ್ತದೆ, ತೆಲುಗೂ ತಿಳಿಯುತ್ತದೆ. ಎಲ್ಲ ಕೇಳಿಸಿಕೊಂಡು ತಲೆ ಆಡಿಸಿದರು.

ನನ್ನ ಗಂಡ ಹೋಗಲಿಲ್ಲ. ಮದುವೆ ಸೀಸನ್ನು, ಪಾತ್ರೆ ವ್ಯಾಪಾರಕ್ಕೆ ಬಿಡುವಿಲ್ಲ ಎಂದರು. ಸೀಸನ್ನು ಮುಗಿದ ಮೇಲೆ ಸರಕು ತರಬೇಕು ಎಂದರು. ನಾನು ಮೂರನೆಯ ಸಲ ಕೇಳಿದಾಗ ಊಟದ ತಟ್ಟೆ ಸರಿಸಿ, ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಲ್ಲ ಎಂದರು. ಅವರು ದನಿಯೆತ್ತುವವರಲ್ಲ, ಅವತ್ತು ಎತ್ತಿದರು.

ಅದು ಭಾನುವಾರದ ಮಧ್ಯಾಹ್ನ. ಅತ್ತೆ ಅಡುಗೆಮನೆಯಿಂದ ಬಂದು ಮಗನ ಎದುರಿನ ಕುರ್ಚಿಯಲ್ಲಿ ಕೂತರು.

“ನಿನಗಿಂತ ಮೊದಲ ನನಗ ಎರಡು ಹುಟ್ಟಿದ್ದವು, ತಮ್ಮಾ. ನಿನಗ ಹೇಳಿಲ್ಲ. ಎರಡೂ ಗಂಡು. ಭಾಳ ದೊಡ್ಡ ಕೂಸುಗಳು. ನೋಡಿದವರು ಆರು ತಿಂಗಳ ಕೂಸಿನಂಗ ಅದಾವು ಅಂದ್ರು. ಒಂದೂ ಅಳಲಿಲ್ಲ.”

ನನ್ನ ಗಂಡ ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಅತ್ತೆಯ ದನಿ ಏರಲೂ ಇಲ್ಲ, ನಡುಗಲೂ ಇಲ್ಲ.

“ನನ್ನ ಹೊಟ್ಟಿ ಸುಡುಗಾಡು ಐತಿ ಅಂದ್ರು. ಅಂದವರು ಯಾರೂ ನನ್ನ ರಕ್ತ ನೋಡಲಿಲ್ಲ. ನನಗ ಸಕ್ಕರಿ ಐತಿ ಅಂತ ಗೊತ್ತಾಗಿದ್ದು ನೀ ಶಾಲಿಗಿ ಹೊಂಟ ಮ್ಯಾಲೆ. ಬಸರಾಗಿದ್ದಾಗೂ ಇತ್ತೇನೋ ಅಂತ ಆವಾಗ ಡಾಕ್ಟರು ಅಂದ್ರು. ನೋಡಿದ್ರ ಗೊತ್ತಾಗತಿತ್ತು. ನೋಡಲಾರದನ ಅಂದ್ರು.” ನನ್ನ ಕಡೆ ಕೈ ತೋರಿಸಿದರು. “ಈಕಿದು ಎಲ್ಲಾ ನೋಡ್ಯಾರ. ನಿಂದು ಯಾರೂ ನೋಡಿಲ್ಲ. ನೋಡಲಾರದನ ಈಕಿಗಿ ಅನ್ನೋದು ನನ್ನ ಮನ್ಯಾಗ ಬ್ಯಾಡ.”

ಅಷ್ಟು ಹೇಳಿ ಅವರು ಎದ್ದು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವರೊಂದಿಗೆ ಅಷ್ಟು ವರ್ಷ ಒಂದೇ ಸೂರಿನಡಿ ಬದುಕಿದ ನನಗೂ ಆ ಎರಡು ಮಕ್ಕಳ ವಿಷಯ ಗೊತ್ತಿರಲಿಲ್ಲ. ನನ್ನ ಗಂಡ ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಆಸ್ಪತ್ರೆಗೆ ಹೋಗಿ ರಕ್ತವನ್ನೂ ವೀರ್ಯವನ್ನೂ ಪರೀಕ್ಷೆಗೆ ಕೊಟ್ಟು ಬಂದರು.

ಫಲಿತಾಂಶ ಕೇಳಲು ಮೂವರೂ ಹೋದೆವು. ಡಾಕ್ಟರು ಮೊದಲು ರಕ್ತದ ವಿಷಯ ಹೇಳಿದರು. ನನ್ನ ಗಂಡನಿಗೆ ಸಕ್ಕರೆ ಕಾಯಿಲೆಯಿತ್ತು. ಇವತ್ತು ನಿನ್ನೆಯದಲ್ಲ, ಬಹುಶಃ ಕೆಲವು ವರ್ಷಗಳಿಂದ ಸದ್ದಿಲ್ಲದೆ ಇತ್ತು. ಆಮೇಲೆ ಅವರು ನಮ್ಮ ಅತ್ತೆಯ ಕಡೆ ನೋಡಿದರು. ಅತ್ತೆ ತಾವಾಗಿಯೇ ಎದ್ದು ಹೊರಗಿನ ಬೆಂಚಿಗೆ ಹೋದರು.

ಡಾಕ್ಟರು ಬಹಳ ಸರಳವಾಗಿ ಹೇಳಿದರು. ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಸಣ್ಣ ನರಗಳಿಗೂ ರಕ್ತನಾಳಗಳಿಗೂ ಪೆಟ್ಟು. ಕೆಲವು ಗಂಡಸರಿಗೆ ಹೆಂಡತಿಯ ಹತ್ತಿರ ಹೋಗುವುದೇ ಕಷ್ಟವಾಗುತ್ತದೆ. ಅದು ಪ್ರೀತಿ ಕಡಿಮೆಯಾದದ್ದಲ್ಲ, ಗಂಡಸುತನ ಹೋದದ್ದೂ ಅಲ್ಲ, ರಕ್ತ ಹರಿಯುವ ವಿಷಯ, ಔಷಧಿಯಿದೆ. ಕೆಲವರಿಗೆ ವೀರ್ಯ ಹೊರಗೆ ಬರುವ ಬದಲು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಿಬಿಡುತ್ತದೆ, ಅದಕ್ಕೂ ದಾರಿಯಿದೆ. ನನ್ನ ಗಂಡನಿಗೆ ಅದಾಗಿರಲಿಲ್ಲ. ಅವರ ವೀರ್ಯಾಣುಗಳು ಸಂಖ್ಯೆಯಲ್ಲಿ ಪರವಾಗಿಲ್ಲ, ಆದರೆ ಚುರುಕಾಗಿ ಈಜುತ್ತಿರಲಿಲ್ಲ, ಹಾಳಾದವು ಹೆಚ್ಚಿದ್ದವು. ದೇಹ ಹೊಸ ವೀರ್ಯಾಣುಗಳನ್ನು ಮಾಡುತ್ತಲೇ ಇರುತ್ತದೆ, ಅದಕ್ಕೆ ಹೆಚ್ಚುಕಡಿಮೆ ಮೂರು ತಿಂಗಳು ಬೇಕು. ಸಕ್ಕರೆ ಇಳಿಸಿ, ತೂಕ ಇಳಿಸಿ, ಗುಟ್ಕಾ ಸಿಗರೇಟು ಇದ್ದರೆ ಬಿಡಿ, ಆಮೇಲೆ ಮತ್ತೆ ನೋಡೋಣ, ಎಲ್ಲರಿಗೂ ಸುಧಾರಿಸುತ್ತದೆಂದು ಮಾತು ಕೊಡಲಾರೆ, ಅನೇಕರಿಗೆ ಸುಧಾರಿಸುತ್ತದೆ ಎಂದರು. ಹೊರಡುವಾಗ ನನ್ನ ಗಂಡನಿಗೆ ನಗುತ್ತಾ, ನಿಮ್ಮ ಮನೆಯಲ್ಲೇ ಒಬ್ಬ ಒಳ್ಳೆಯ ಮೇಷ್ಟ್ರು ಇದ್ದಾರೆ, ಅವರ ಹತ್ತಿರ ಕಲಿಯಿರಿ ಎಂದು ನನ್ನನ್ನು ತೋರಿಸಿದರು.

ನನ್ನ ಗಂಡ ನಗಲಿಲ್ಲ. ಆಮೇಲೆ ಕೆಲವು ವಾರ ನಮ್ಮ ಮನೆಯಲ್ಲಿ ಮಾತು ಕಮ್ಮಿಯಾಯಿತು. ಗುಳಿಗೆ ನುಂಗುತ್ತಿದ್ದರು, ಆದರೆ ಬೆನ್ನು ತಿರುಗಿಸಿಕೊಂಡು. ಅವರು ಅಂಗಡಿಯಲ್ಲಿ ಮಂಕಾಗಿ ಕೂತಿದ್ದುದನ್ನು ಕಂಡ ಪಕ್ಕದ ವ್ಯಾಪಾರಿ ಮನೆಗೇ ಫೋನು ಮಾಡಿ ವಿಚಾರಿಸಿದ. ನನಗೆ ಒಳಗೊಳಗೇ ಭಯವಾಗಿತ್ತು. ಹೆಂಡತಿಯ ಕಾಯಿಲೆಯನ್ನು ಸಲೀಸಾಗಿ ಒಪ್ಪಿಕೊಂಡ ಮನುಷ್ಯನಿಗೆ ತನ್ನದು ಇಷ್ಟು ಭಾರವಾಗುತ್ತದೆಂದು ನಾನು ಎಣಿಸಿರಲಿಲ್ಲ. ಅತ್ತೆ ಮಾತ್ರ, ಬಿಡು, ಅವನು ನಿಧಾನ ಬರುತ್ತಾನೆ, ನಾವು ಎಳೆಯುವುದು ಬೇಡ ಎಂದರು.

ಬಂದರು. ಒಂದು ಬೆಳಿಗ್ಗೆ ನಾನು ಬೆರಳು ಚುಚ್ಚಿಕೊಳ್ಳುತ್ತಿದ್ದಾಗ ಎದುರು ಬಂದು ಕೂತು ಕೈ ಮುಂದೆ ಚಾಚಿದರು. ನನಗೂ ಕಲಿಸು ಎಂದರು. ಬೆರಳಿನ ನಡುವಿಗೆ ಚುಚ್ಚಬೇಡಿ, ಬದಿಗೆ ಚುಚ್ಚಿ, ಅಲ್ಲಿ ನೋವು ಕಡಿಮೆ ಎಂದು ಹೇಳಿಕೊಟ್ಟೆ. ಮೊದಲ ಸಲ ಕೈ ಹಿಂದಕ್ಕೆ ಎಳೆದುಕೊಂಡರು. ಎರಡನೆಯ ಸಲ ಕಣ್ಣು ಮುಚ್ಚಿ ಒತ್ತಿದರು. ಹೊರಬಂದ ರಕ್ತದ ಹನಿ ನೋಡುತ್ತಾ ಕೇಳಿದರು.

“ಇದನ್ನ ನೀ ಸಣ್ಣಾಕಿ ಇದ್ದಾಗಿಂದ ಮಾಡಾಕತ್ತಿ?”

“ಹೌದ್ರಿ.”

“ದಿನಾ?”

“ದಿನಾ ನಾಕೈದು ಸಲ.”

ಅವರು ನನ್ನ ಬೆರಳುಗಳನ್ನು ತಮ್ಮ ಕೈಗೆ ತೆಗೆದುಕೊಂಡು ತುದಿಗಳನ್ನು ಒಂದೊಂದಾಗಿ ನೋಡಿದರು. ಚುಚ್ಚಿ ಚುಚ್ಚಿ ಅಲ್ಲಿ ಚರ್ಮ ದಪ್ಪಗಾಗಿದೆ, ಕರಿಯ ಚುಕ್ಕಿಗಳಿವೆ. ಮದುವೆಯಾಗಿ ಅಷ್ಟು ವರ್ಷಗಳಾಗಿದ್ದವು. ಅವರು ಅವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ.

ಆ ದಿನದಿಂದ ಅವರು ಬೇರೆ ಮನುಷ್ಯ. ಬೆಳಿಗ್ಗೆ ಪಾರ್ಕಿನಲ್ಲಿ ಬೆವರು ಇಳಿಯುವ ಹಾಗೆ ನಡೆದರು. ಅಂಗಡಿಗೆ ಮೆಟ್ರೋದಲ್ಲಿ ಹೋಗಿ, ನಿಲ್ದಾಣದಿಂದ ಆಟೋ ಹಿಡಿಯದೆ ನಡೆಯತೊಡಗಿದರು. ಇರಾನಿ ಚಹಾ ಬಿಟ್ಟದ್ದು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ಬಲ್ಲೆ. ಬೇಗಂ ಬಜಾರಿನಲ್ಲಿ ಚಹಾ ಬೇಡ ಎಂದರೆ ವ್ಯಾಪಾರವೇ ಬೇಡ ಎಂದ ಹಾಗೆ. ಅವರು ಬೇಡ ಎನ್ನಲಿಲ್ಲ, ನನಗೆ ಶುಗರ್ ಇದೆ, ಸಕ್ಕರೆಯಿಲ್ಲದ್ದು ಕೊಡಿ ಎಂದು ಬಾಯಿಬಿಟ್ಟು ಹೇಳಿದರು. ಒಂದು ಸಲ ಹೇಳಿದ ಮೇಲೆ ಬಾಯಿ ಹಗುರಾಯಿತು ಎಂದು ಮನೆಗೆ ಬಂದು ನಮಗೆ ಹೇಳಿದರು. ಹತ್ತಿರ ಬರುವ ವಿಷಯಕ್ಕೂ ಡಾಕ್ಟರ ಹತ್ತಿರ ತಾವೇ ಹೋಗಿ ಔಷಧಿ ಕೇಳಿಕೊಂಡು ಬಂದರು. ಗಂಡಸರು ಸಾಯುವವರೆಗೆ ಮುಚ್ಚಿಟ್ಟುಕೊಳ್ಳುವ ಮಾತು ಅದು. ಗೋಡೆಯ ಕಡೆ ತಿರುಗುತ್ತಿದ್ದದ್ದು ಯಾಕೆಂದು ನನಗೆ ಅವರೇ ಹೇಳಿದರು. ನಿನಗೆ ಬೇಜಾರಾಗಿರಬೇಕು ಎಂದರು. ಆಗಿತ್ತು. ಹೇಳಿದ ಮೇಲೆ ಹೋಯಿತು.

ಆ ವರ್ಷ ದೀಪಾವಳಿಗೆ ಅಂಗಡಿಯ ಪೂಜೆ ಮುಗಿಸಿ ಎಲ್ಲರೂ ಸೋದರತ್ತೆಯ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ನಡುಮನೆ ತುಂಬ ಜನ. ಗಂಡಸರ ಪಂಕ್ತಿಗೆ ಹೋಳಿಗೆ ಬಡಿಸುತ್ತಾ ಸೋದರತ್ತೆ ನನ್ನ ಗಂಡನ ಎಲೆಯ ಹತ್ತಿರ ಬಂದರು. ಬೇಡ ಎಂದರೆ, ಸಕ್ಕರೆ ಇರುವುದು ಅವಳಿಗೆ, ನೀನ್ಯಾಕೆ ಬಾಯಿ ಕಟ್ಟುತ್ತೀ ಎಂದರು. ಅಷ್ಟಕ್ಕೇ ನಿಲ್ಲಿಸದೆ, ಅವಳನ್ನು ಕಟ್ಟಿಕೊಂಡು ಮನೆಯ ದೀಪ ಹಚ್ಚುವವರಿಲ್ಲದ ಹಾಗಾಯಿತು, ಇನ್ನಾದರೂ ಏನಾದರೂ ಯೋಚನೆ ಮಾಡಬೇಕು ಎಂದರು. ನಾನು ಬಾಗಿಲ ಹತ್ತಿರ ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಅತ್ತೆ ನನ್ನ ಹಿಂದೆಯೇ ಇದ್ದರು. ಅವರು ಮುಂದೆ ಹೆಜ್ಜೆ ಇಡುವಷ್ಟರಲ್ಲಿ ನನ್ನ ಗಂಡ ಎಲೆಯಿಂದ ತಲೆ ಎತ್ತಿದರು.

“ಸೋದರತ್ತಿ, ಆಕಿದು ಎಲ್ಲಾ ಬರೋಬ್ಬರಿ ಐತಿ. ಡಾಕ್ಟರು ನೋಡಿ ಹೇಳ್ಯಾರ. ಕಡಿಮಿ ಇರೋದು ನನ್ನ ಕಡೆ. ನನಗೂ ಸಕ್ಕರಿ ಐತಿ, ಅದರಿಂದ ಆಗೇದ. ಔಷಧ ತಗೊಳ್ಳಾಕತ್ತೀನಿ. ಇನ್ನ ಮ್ಯಾಲೆ ಕೇಳೋದಿದ್ರ ನನ್ನ ಕೇಳ್ರಿ.”

ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ಅಂಗಡಿಯಲ್ಲಿ ಪಾತ್ರೆಯ ತೂಕ ಹೇಳುವ ಹಾಗೆ ಹೇಳಿದರು. ಪಂಕ್ತಿಯಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಎಲೆ ನೋಡತೊಡಗಿದರು. ಸೋದರತ್ತೆ ಹೋಳಿಗೆಯ ಬುಟ್ಟಿ ಹಿಂದಕ್ಕೆ ತೆಗೆದುಕೊಂಡು ಮೆಲ್ಲಗೆ, ಹಾಗಾದರೆ ಹೋಳಿಗೆ ಬೇಡ, ಪಲ್ಯ ಹಾಕುತ್ತೇನೆ ಎಂದು ಒಳಗೆ ಹೋದರು. ಮತ್ತೆಂದೂ ಅವರು ಆ ಮಾತು ಎತ್ತಲಿಲ್ಲ. ನಾನು ಸಾರಿನ ಪಾತ್ರೆ ಕೆಳಗಿಟ್ಟು ಹಿಂದಿನ ಅಂಗಳಕ್ಕೆ ಹೋಗಿ ಅತ್ತುಬಿಟ್ಟೆ. ಹೊಗಳಿಕೆಗೆ ಅಳು ಬರುತ್ತದೆಂದು ಕೇಳಿದ್ದೆ. ಯಾರೋ ನಮ್ಮ ಮೇಲಿನ ಹೊರೆಯನ್ನು ಹತ್ತು ಜನರ ಎದುರು ತಮ್ಮ ಹೆಗಲಿಗೆ ಎತ್ತಿಕೊಂಡಾಗ ಬರುವ ಅಳು ಬೇರೆ, ಅದು ಅವತ್ತು ಗೊತ್ತಾಯಿತು.

ಆ ಪಂಕ್ತಿಯ ಮಾತು ಬಜಾರಿನಲ್ಲಿ ಹರಡದೆ ಇರುತ್ತದೆಯೇ. ಆಡಿಕೊಂಡವರೂ ಇದ್ದರು. ಆದರೆ ಕೆಲವು ದಿನಗಳ ಮೇಲೆ ಮಸಾಲೆ ಅಂಗಡಿಯ ಒಬ್ಬರು ಪಾತ್ರೆ ನೋಡುವ ನೆಪದಲ್ಲಿ ಬಂದು, ಗಿರಾಕಿಗಳು ಹೋಗುವವರೆಗೆ ಕಾದು, ನಿಮ್ಮ ಡಾಕ್ಟರು ಎಲ್ಲಿದ್ದಾರೆ ಎಂದು ಕೇಳಿದರಂತೆ. ಅವರ ಸೊಸೆಯನ್ನು ಎಲ್ಲಾ ಕಡೆ ತೋರಿಸಿದ್ದರು, ಮಗನನ್ನು ಒಂದು ಕಡೆಯೂ ತೋರಿಸಿರಲಿಲ್ಲ. ಆಮೇಲೆ ಇನ್ನೊಬ್ಬರು ಬಂದರು. ಕೊನೆಗೆ ಸೋದರತ್ತೆಯ ಮನೆಯಿಂದಲೇ ಅವರ ಅಳಿಯ ಬಂದರು. ನನ್ನ ಗಂಡ ಯಾರ ಹೆಸರನ್ನೂ ಮನೆಯಲ್ಲಿ ಹೇಳಿದವರಲ್ಲ. ಇವತ್ತೂ ಒಬ್ಬರು ಬಂದಿದ್ದರು ಎಂದಷ್ಟೇ ಹೇಳುತ್ತಿದ್ದರು.

ಅವರ ಪರೀಕ್ಷೆಯನ್ನು ಮತ್ತೆ ಮಾಡಿಸಿದಾಗ ಸುಧಾರಣೆ ಕಂಡಿತು, ಪೂರ್ತಿಯಲ್ಲ. ಡಾಕ್ಟರು ಸಣ್ಣದೊಂದು ಚಿಕಿತ್ಸೆ ಹೇಳಿದರು. ವೀರ್ಯವನ್ನು ಶುದ್ಧಮಾಡಿ, ಚುರುಕಾದವನ್ನು ಆರಿಸಿ, ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು. ಮೊದಲ ಸಲ ಗರ್ಭ ನಿಲ್ಲಲಿಲ್ಲ. ಮುಟ್ಟಾದ ದಿನ ನಾನು ಕಾರ್ಖಾನೆಗೆ ರಜೆ ಹಾಕಿ ಮಲಗಿದೆ. ನನ್ನ ಗಂಡ ಅಂಗಡಿ ಮುಚ್ಚಿ ಬಂದು ಜೊತೆಗೆ ಕೂತರು. ಎರಡನೆಯ ಸಲ ನಿಂತಿತು.

ಬಸುರಿನ ಮೊದಲ ತಿಂಗಳುಗಳಲ್ಲಿ ನನ್ನ ಸಕ್ಕರೆ ಸುಳಿವು ಕೊಡದೆ ಇಳಿಯತೊಡಗಿತು. ಒಮ್ಮೆ ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಾಗ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಬ್ಯಾಗಿನಲ್ಲಿದ್ದ ಗ್ಲೂಕೋಸ್ ಬಾಯಿಗೆ ಹಾಕಿಕೊಂಡು ಸುಧಾರಿಸಿಕೊಂಡೆ. ಮನೆಗೆ ಬಂದು ಹೇಳಿದ್ದೇ ತಡ, ಮರುದಿನ ಬೆಳಿಗ್ಗೆ ಅತ್ತೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು. ಮೆಟ್ರೋದ ಎಸ್ಕಲೇಟರ್ ಕಂಡರೆ ಹೆದರಿ ಮೆಟ್ಟಿಲು ಹತ್ತುತ್ತಿದ್ದ ಹೆಂಗಸು ಅವರು. ನೌಕರಿ ಬಿಡು ಎನ್ನಬಹುದಿತ್ತು, ಅನ್ನಲಿಲ್ಲ. ಬಾಳೆಹಣ್ಣು, ಬೆಲ್ಲ, ನೀರಿನ ಬಾಟಲಿ ಚೀಲದಲ್ಲಿಟ್ಟುಕೊಂಡು ಕಾರ್ಖಾನೆಯ ಗೇಟಿನವರೆಗೆ ನನ್ನ ಜೊತೆ ಬಂದು, ನಾನು ಒಳಗೆ ಹೋದ ಮೇಲೆ ವಾಪಸು ಹೋಗುತ್ತಿದ್ದರು. ಸಂಜೆ ಕರೆತರುವುದು ನನ್ನ ಗಂಡನ ಪಾಳಿ. ಆರನೇ ತಿಂಗಳು ದಾಟುವ ಹೊತ್ತಿಗೆ ಇಳಿಯುತ್ತಿದ್ದ ಸಕ್ಕರೆ ಏರತೊಡಗಿತು, ಇನ್ಸುಲಿನ್ ದುಪ್ಪಟ್ಟಾಯಿತು. ಹೊಟ್ಟೆ ಬಿಗಿದು ಚುಚ್ಚಲು ಜಾಗ ಹುಡುಕಬೇಕಾಗುತ್ತಿತ್ತು. ಒಂದೊಂದು ದಿನ ಸಾಕಪ್ಪಾ ಅನ್ನಿಸುತ್ತಿತ್ತು. ಆಗ ಅತ್ತೆ ತೊಡೆಯ ಮೇಲೆ ಬೆರಳಿಟ್ಟು, ಇಲ್ಲಿ ಹಾಕು ಎಂದು ಜಾಗ ತೋರಿಸುತ್ತಿದ್ದರು.

ಮಗು ದೊಡ್ಡದಾಗುತ್ತಿದೆಯೆಂದು ಡಾಕ್ಟರು ದಿನ ತುಂಬುವ ಸ್ವಲ್ಪ ಮೊದಲೇ ಸಿಸೇರಿಯನ್ ಮಾಡಿದರು. ಹೆಣ್ಣು. ನನ್ನ ಸಕ್ಕರೆಗೆ ಹೊಂದಿಕೊಂಡಿದ್ದ ಮಗುವಿಗೆ ಹೊರಗೆ ಬಂದೊಡನೆ ಸಕ್ಕರೆ ಇಳಿದಿತ್ತು. ಡ್ರಿಪ್ ಹಾಕಿ ಕೂಸುಗಳ ವಾರ್ಡಿನಲ್ಲಿಟ್ಟರು. ನಾನು ಹಾಸಿಗೆಯಲ್ಲಿದ್ದೆ, ಅಲ್ಲಿ ಆದದ್ದನ್ನು ನನ್ನ ಗಂಡ ಹೇಳಿದ್ದು. ನರ್ಸು ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಅದು ಇಡೀ ವಾರ್ಡಿಗೆ ಕೇಳುವ ಹಾಗೆ ಕಿರುಚಿತಂತೆ. ಗಾಜಿನ ಹೊರಗೆ ನಿಂತಿದ್ದ ಅತ್ತೆ ಮಗನ ತೋಳು ಹಿಡಿದುಕೊಂಡು “ಅಳಾಕತ್ತಾಳ, ಕೇಳು, ಅಳಾಕತ್ತಾಳ” ಎಂದರಂತೆ. ನರ್ಸು ಸಮಾಧಾನ ಹೇಳಲು ಹೊರಗೆ ಬಂದರೆ, ಅಳಲಿ ಬಿಡಿ ಎಂದರಂತೆ. ಕೆಲವು ದಿನಗಳಲ್ಲಿ ಮಗು ತಾನೇ ಹಾಲು ಕುಡಿದು ಸಕ್ಕರೆ ಹಿಡಿದುಕೊಂಡಿತು, ನನ್ನ ಪಕ್ಕಕ್ಕೆ ಬಂತು.

ಈಗ ಅವಳು ಶಾಲೆಗೆ ಹೋಗುತ್ತಾಳೆ. ತೆಲುಗಿನಲ್ಲಿ ಜಗಳವಾಡುತ್ತಾಳೆ, ಅಜ್ಜಿಯ ಜೊತೆ ಬೀದರಿನ ಕನ್ನಡ ಆಡುತ್ತಾಳೆ. ಅವಳಿಗೂ ಮುಂದೆ ಈ ಕಾಯಿಲೆ ಬರುತ್ತದೆಯೇ, ಹೇಳಲು ಬರುವುದಿಲ್ಲ. ಬರದಿರಬಹುದು. ನಾವು ಮೂವರಿದ್ದೇವೆ, ಬಂದರೆ ಗುರುತು ಹಿಡಿಯುತ್ತೇವೆ. ಸಕ್ಕರೆಯಿಂದ ಕೆಟ್ಟ ಅತ್ತೆಯ ಕಣ್ಣಿಗೆ ಲೇಸರ್ ಚಿಕಿತ್ಸೆ ಆಗಿದೆ. ನನ್ನ ಗಂಡನ ಸಕ್ಕರೆ ಹಬ್ಬದ ದಿನ ತಪ್ಪುತ್ತದೆ, ಮತ್ತೆ ದಾರಿಗೆ ಬರುತ್ತದೆ. ಕಾರ್ಖಾನೆಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯರು ಮೆಲ್ಲಗೆ ನನ್ನ ಹತ್ತಿರ ಬಂದು ಮಕ್ಕಳಾಗುವ ವಿಷಯ ಕೇಳುತ್ತಾರೆ. ಅವರಿಗೆ ನಾನು ಬೇರೇನೂ ಉಪದೇಶ ಮಾಡುವುದಿಲ್ಲ. ಇಬ್ಬರೂ ಒಟ್ಟಿಗೆ ಹೋಗಿ, ಇಬ್ಬರ ರಕ್ತವನ್ನೂ ನೋಡಿಸಿ ಎಂದಷ್ಟೇ ಹೇಳುತ್ತೇನೆ.

ಹೋದ ವರ್ಷ ಡಾಕ್ಟರು, ಎರಡನೆಯದರ ಯೋಚನೆಯಿದ್ದರೆ ತಡಮಾಡಬೇಡಿ ಎಂದರು. ದಾರಿಯಲ್ಲಿ ನನ್ನ ಗಂಡ, ಚುಚ್ಚಿಸಿಕೊಳ್ಳುವ ಮೈ ನಿನ್ನದು, ನೀನು ಹೇಳಿದ ಹಾಗೆ ಎಂದರು. ನಾನು ಮನೆಗೆ ಬಂದು ಅತ್ತೆಯ ಮುಂದೆ ವಿಷಯ ಇಟ್ಟೆ. ಅವರು ಮೊಮ್ಮಗಳಿಗೆ ಜಡೆ ಹಾಕುತ್ತಿದ್ದರು, ಬಾಚಣಿಗೆ ನಿಲ್ಲಿಸಲಿಲ್ಲ.

“ನಿನಗ ಏನ ಅನಸ್ತದವ್ವಾ?”

“ಒಂದ ಸಾಕು ಅನಸ್ತದ್ರಿ, ಅತ್ತಿ.”

“ಹಂಗಾರ ಒಂದ ಸಾಕು,” ಎಂದು ಅವರು ಜಡೆಯ ತುದಿಗೆ ರಿಬ್ಬನ್ ಕಟ್ಟಿದರು.